ಅಜ್ಜನ ವಿಂಚೆಸ್ಟರ್‌ಗೆ ಹೊಸ ಬಣ್ಣ ಹಾಕಿಸಬೇಕಾ, ಹಾಗೇ ಬಿಡಬೇಕಾ?

ಡೆನ್ವರ್ ದಿನೇಶ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಓದುವುದು ಜಾಸ್ತಿ, ಬರೆಯುವುದು ಕಡಿಮೆ. ಈಗ ಒಂದು ಪೇಚಿಗೆ ಸಿಕ್ಕಿಕೊಂಡಿದ್ದೇನೆ, ಬಲ್ಲವರು ಹೇಳಿ.

ನನ್ನ ಹೆಂಡತಿ ಅಮೆರಿಕದವಳು. ಅವಳ ಅಜ್ಜ ವಯೋಮಿಂಗ್‌ನಲ್ಲಿ ದನ ಸಾಕಿಕೊಂಡು ಬದುಕಿದವರು. ಹೋದ ಚಳಿಗಾಲದಲ್ಲಿ ತೀರಿಕೊಂಡರು. ಮನೆ ಖಾಲಿ ಮಾಡುವಾಗ, ಅಡುಗೆಮನೆ ಬಾಗಿಲ ಮೇಲೆ ಎರಡು ಮೊಳೆಗಳ ಮೇಲಿದ್ದ ರೈಫಲ್ಲನ್ನು ಅತ್ತೆ ಇಳಿಸಿ ನನ್ನ ಕೈಗೆ ಕೊಟ್ಟರು. ವಿಂಚೆಸ್ಟರ್ 1894ರ ಮಾದರಿ, ಗಿಡ್ಡ ಕಾರ್ಬೈನ್, 30-30 ತೋಟಾ. ಕ್ರಮಾಂಕದಲ್ಲಿ ಆರು ಅಂಕಿ, ಮೊದಲನೆಯದು ಎರಡು. ಕಾಗದಪತ್ರ ಎಲ್ಲ ಸರಿಯಾಗಿದೆ, ಆ ಚಿಂತೆ ಬೇಡ.

ನಳಿಕೆಯ ನೀಲಿ (ಉಕ್ಕಿಗೆ ಕಾರ್ಖಾನೆಯಲ್ಲೇ ಬರಿಸುವ ಕಪ್ಪುನೀಲಿ ಬಣ್ಣ) ಪೂರ್ತಿ ಹೋಗಿ ಒಣ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿದೆ. ನಡುವಿನ ಕಬ್ಬಿಣದ ಭಾಗ ಇದೆಯಲ್ಲ, ಅದರ ಅಡಿ ಮಾತ್ರ ಬರೀ ಬೆಳ್ಳಿ. ಒಂದೇ ಕೈಯಲ್ಲಿ ಎತ್ತಿದರೆ ಬೆರಳು ಸರಿಯಾಗಿ ಅಲ್ಲಿಗೇ ಹೋಗಿ ಕೂರುತ್ತೆ. ಎಡಗಡೆ ಜೀನಿಗೆ ಕಟ್ಟಲು ಒಂದು ಕಬ್ಬಿಣದ ಬಳೆ. ಆ ಬಳೆ ಆಡಿ ಆಡಿ ಕೆಳಗೆ ಅರ್ಧಚಂದ್ರದ ಹಾಗೆ ಗೀರು ಬಿದ್ದಿದೆ. ಟ್ರಿಗರ್ ಸುತ್ತಲಿನ, ತೋಟಾ ಒಳಗೆ ತರುವ ಲಿವರ್ ಇಳಿಸಿ ಏರಿಸಿದರೆ ಒಂದಿಷ್ಟೂ ತಡೆಯಿಲ್ಲ. ಅಜ್ಜಿ ಮನೆಯ ತೂಗುಮಣೆ ಹೋಗಿ ಬಂದ ಹಾಗೆ.

ನನ್ನ ಗೆಳೆಯನೊಬ್ಬ ಹೇಳುತ್ತಾನೆ, "ಉಜ್ಜಿಸಿ ಹೊಸ ನೀಲಿ ಹಾಕಿಸು, ಮರಕ್ಕೆ ವಾರ್ನಿಶ್ ಹೊಡಿಸು, ಗೋಡೆ ಮೇಲೆ ಮಿಂಚುತ್ತೆ" ಅಂತ. ಹಾಕಿಸಲಾ?

ಇನ್ನೊಂದು ಪ್ರಶ್ನೆ. ನಾನು ಬಸವನಗುಡಿಯಲ್ಲಿ ಬೆಳೆದವನು. ದೀಪಾವಳಿ ಪಿಸ್ತೂಲು ಬಿಟ್ಟರೆ ಬೇರೇನೂ ಮುಟ್ಟಿದವನಲ್ಲ. ಆದರೂ ರಾತ್ರಿ ಊಟ ಆದಮೇಲೆ ಇದನ್ನು ತೆಗೆದು ಸುಮ್ನೆ ನೋಡುತ್ತಾ ಕೂರುತ್ತೇನೆ. ನಿಮಗೂ ಹೀಗೆ ಆಗಿದೆಯಾ?

ಸ್ಪ್ಯಾನರ್ ಶೆಟ್ರು

ಮುಟ್ಟಬೇಡಿ! ಗೆಳೆಯನನ್ನು ಬದಲಾಯಿಸಿ, ಬಣ್ಣವನ್ನಲ್ಲ.

ಕಾಫಿತೋಟ

ನಾನು ಒಪ್ಪಲ್ಲ ಶೆಟ್ರೇ. ನಾನು ವಿರಾಜಪೇಟೆ ಕಡೆಯವನು. ನಮ್ಮಲ್ಲಿ ಕೋವಿ ಅಂದರೆ ಮನೆಯ ಆಳು ಇದ್ದ ಹಾಗೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಬೆನ್ನುಬೆನ್ನಿಗೆ ಎರಡು. ಊರಿಗೆ ಸುದ್ದಿ ಹೋಗುತ್ತಿದ್ದದ್ದೇ ಹಾಗೆ. ಸೆಪ್ಟೆಂಬರ್‌ನಲ್ಲಿ ನಮ್ಮ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ಬಂದರೆ ಮನೆಯ ಕೋವಿಗಳನ್ನೆಲ್ಲ ಬಿಚ್ಚಿ, ಒರೆಸಿ, ತೋಕ್‌ಪೂ ಅನ್ನುವ ಕಾಡುಹೂವು ಸಿಕ್ಕಿಸಿ ಪೂಜೆ ಮಾಡುತ್ತೇವೆ. ಕೊಳಕಾಗಿ ಇಟ್ಟರೆ ಅಜ್ಜ ಬೈಯುತ್ತಿದ್ದರು. ನಮ್ಮ ಒಂಟಿ ನಳಿಕೆ ಕೋವಿಯ ಹಿಂದಿನ ಮರ ಮುರಿದಾಗ ಬೀಟೆ ಮರದಲ್ಲಿ ಹೊಸದು ಮಾಡಿಸಿದೆವು. ಅದರಿಂದ ಅದರ ಮರ್ಯಾದೆ ಏನೂ ಕಡಿಮೆ ಆಗಲಿಲ್ಲ. ಸಾಮಾನು ಬಳಸಬೇಕು, ಬಳಸಲು ಚೆನ್ನಾಗಿಡಬೇಕು, ಅಷ್ಟೇ.

ಟೆಕ್ಸಾಸ್ ತಿಮ್ಮಣ್ಣ

ಕಾಫಿತೋಟ ಅವರೇ, ಒರೆಸುವುದು ಬೇರೆ, ಉಜ್ಜುವುದು ಬೇರೆ. ನಿಮ್ಮ ಅಜ್ಜ ಹೇಳಿದ್ದು ಒರೆಸಿಡು ಅಂತ. ದಿನೇಶ್ ಅವರ ಗೆಳೆಯ ಹೇಳ್ತಿರೋದು ಸಿಪ್ಪೆ ಸುಲಿಯೋ ಕೆಲಸ.

ಹೊಸ ನೀಲಿ ಹಾಕಬೇಕಾದರೆ ಮೊದಲು ತಿರುಗುವ ಬಟ್ಟೆ ಚಕ್ರಕ್ಕೆ ಹಿಡಿದು ಹೊಳಪು ಬರಿಸುತ್ತಾರೆ. ಅಲ್ಲೇ ಅರ್ಧ ಪ್ರಾಣ ಹೋಯಿತು. ಚೂಪಾದ ಅಂಚುಗಳು ದುಂಡಗಾಗುತ್ತವೆ. ನಳಿಕೆ ಮೇಲೆ ಕೊರೆದ ಅಕ್ಷರ ಮಸುಕಾಗುತ್ತೆ. ಸ್ಕ್ರೂ ತೂತಿನ ಬಾಯಿ ತಟ್ಟೆ ಥರ ತಗ್ಗಾಗುತ್ತೆ. ಆಮೇಲೆ ಕುದಿಯುವ ಉಪ್ಪಿನ ದ್ರಾವಣದಲ್ಲಿ ಅದ್ದಿ ಒಂದೇ ಸಮ ಕಪ್ಪು ಮಾಡಿ ಕೊಡುತ್ತಾರೆ. ಹಳೇ ಕಾರ್ಖಾನೆಯ ನೀಲಿ ಹಾಗಿರಲಿಲ್ಲ. ಅದನ್ನು ಬರಿಸುವ ವಿಧಾನವೇ ಬೇರೆ. ಬೆಳಕಿಗೆ ಹಿಡಿದರೆ ಆಳ ಕಾಣುತ್ತೆ.

ಸಂಗ್ರಾಹಕರು ಕೈಗೆ ತಗೊಂಡ ಕೂಡಲೇ ನೋಡುವುದು ಮೂರು ಜಾಗ. ಅಕ್ಷರ, ಸ್ಕ್ರೂ ತಲೆ, ಕಬ್ಬಿಣಕ್ಕೆ ಮರ ಕೂಡುವ ಸಂದು. ಕಾರ್ಖಾನೆಯಿಂದ ಬಂದಾಗ ಮರ ಕಬ್ಬಿಣಕ್ಕಿಂತ ಒಂದು ಕೂದಲಷ್ಟು ಎತ್ತರ ಇರುತ್ತೆ. ಮರಳು ಕಾಗದ ಹಾಕಿ ತಿಕ್ಕಿದ್ದರೆ ತಗ್ಗಾಗಿರುತ್ತೆ. ಅಲ್ಲಿಗೆ ಬೆಲೆ ಅರ್ಧಕ್ಕೆ ಬಂತು ಅಂತ ಲೆಕ್ಕ.

ಇನ್ನೊಂದು. ಕ್ರಮಾಂಕ ಎರಡರಿಂದ ಶುರು ಅಂದ್ರಿ. ಅಂದರೆ ನಿಮ್ಮದು 1898ಕ್ಕಿಂತ ಈಚಿನದು. ಅಮೆರಿಕದ 1968ರ ಕಾನೂನಿನಲ್ಲಿ 1898 ಅಥವಾ ಅದಕ್ಕೂ ಮುಂಚೆ ಮಾಡಿದ್ದು ಮಾತ್ರ ಪುರಾತನ. ಅದಕ್ಕೇ ಇಲ್ಲಿ ಆ ಗೆರೆಯ ಆಚೆ ಈಚೆ ಬೆಲೆಯಲ್ಲಿ ಇಷ್ಟು ವ್ಯತ್ಯಾಸ. ನಿಮ್ಮದು ಕಾನೂನಿಗೆ ಮಾಮೂಲಿ ಬಂದೂಕೇ. ಆದರೆ ಒಂದು ಒಳ್ಳೆ ಸುದ್ದಿ ಇದೆ. ವಯೋಮಿಂಗ್‌ನ ಕೋಡಿ ಊರಿನ ಮ್ಯೂಸಿಯಂನಲ್ಲಿ ವಿಂಚೆಸ್ಟರ್ ಕಾರ್ಖಾನೆಯ ಹಳೇ ಲೆಕ್ಕದ ಪುಸ್ತಕಗಳಿವೆ. 1894ರ ಮಾದರಿಗೆ ಸುಮಾರು ಮೂರೂವರೆ ಲಕ್ಷದ ಕ್ರಮಾಂಕದ ತನಕ ಸಿಗುತ್ತೆ. ದುಡ್ಡು ಕಟ್ಟಿ ಕೇಳಿದರೆ ಪತ್ರ ಕಳಿಸುತ್ತಾರೆ. ಯಾವ ನಳಿಕೆ ಹಾಕಿದ್ದರು, ಯಾವತ್ತು ಗೋದಾಮಿನಿಂದ ಹೊರಟಿತು, ಎಲ್ಲ ಅದರಲ್ಲಿರುತ್ತೆ.

ಬಸವರಾಜ ಜಯನಗರ

ನನಗೆ ಬಂದೂಕಿನ ಗಂಧ ಇಲ್ಲ. ಆದರೆ ಒಂದು ಡೌಟು. ನಾವು ಹಳೇ ಲ್ಯಾಂಬ್ರೆಟ್ಟಾ ತಂದು, ತಗಡು ಬಡಿದು, ಹೊಸ ಪೇಂಟ್ ಹೊಡೆಸಿ ಲಾಲ್‌ಬಾಗ್ ಹತ್ತಿರ ನಿಲ್ಲಿಸಿದರೆ ಜನ ಫೋಟೋ ತೆಗೀತಾರೆ. ಬೆಲೆನೂ ಏರುತ್ತೆ. ಬಂದೂಕಿಗೆ ಮಾತ್ರ ಯಾಕೆ ಈ ಮಡಿ?

ಟೆಕ್ಸಾಸ್ ತಿಮ್ಮಣ್ಣ

ಸ್ಕೂಟರ್ ತಗಡಿಗೆ ಪೇಂಟ್ ಮೇಲಿನ ಅಂಗಿ. ಬಂದೂಕಿಗೆ ಬಣ್ಣ ಅಂಗಿಯಲ್ಲ, ಚರ್ಮ.

ಗುಬ್ಬಿ ಗಿರಿಜಾ

ಬಸವರಾಜ್, ಊರ ದೇವಸ್ಥಾನಗಳಲ್ಲಿ ಕಲ್ಲು ಕಂಬಕ್ಕೆ ಎಣ್ಣೆ ಬಣ್ಣ ಬಳಿದಿರೋದು ನೋಡಿದ್ದೀರಲ್ವಾ? ದ್ವಾರಪಾಲಕನಿಗೆ ಗುಲಾಬಿ ಕೆನ್ನೆ, ಹಸಿರು ಪಂಚೆ! ಬಳಿದವರಿಗೆ ಅದು ಜೀರ್ಣೋದ್ಧಾರ. ನೋಡಿದವರಿಗೆ ಹೊಟ್ಟೆಯುರಿ. ಇದೂ ಹಾಗೇ ಅಂತ ನನಗೆ ಅನ್ನಿಸುತ್ತೆ.

ಬಸವರಾಜ ಜಯನಗರ

ಸರಿ ಅಕ್ಕ, ಈಗ ಅರ್ಥ ಆಯ್ತು. 😀 ಆದರೂ ನನ್ನ ಸ್ಕೂಟರ್ ಚೆನ್ನಾಗಿದೆ.

ಸ್ಪ್ಯಾನರ್ ಶೆಟ್ರು

ದಿನೇಶ್ ಅವರ ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ನಾನು ಕೊಡ್ತೇನೆ. ಮೂವತ್ತು ವರ್ಷ ಇಂಜಿನ್ ಬಿಚ್ಚಿದವನು ನಾನು. ನನ್ನ ಪ್ರಕಾರ ಆ ಮೋಹ ಇರುವುದು ಲಿವರ್‌ನಲ್ಲಿ. ಒಂದೇ ಅಲುಗಾಟದಲ್ಲಿ ನಾಲ್ಕು ಕೆಲಸ. ಲಿವರ್ ಕೆಳಗೆ ಹೋದಾಗ ನಳಿಕೆಯ ಹಿಂಬದಿ ಮುಚ್ಚುವ ಬೋಲ್ಟ್ ಹಿಂದೆ ಸರಿಯುತ್ತೆ, ಖಾಲಿ ತೋಟಾ ಹಾರುತ್ತೆ, ಗುಂಡು ಸಿಡಿಸುವ ಹ್ಯಾಮರ್ ಎದ್ದು ನಿಲ್ಲುತ್ತೆ. ವಾಪಸ್ ಬಂದಾಗ ಹೊಸ ತೋಟಾ ಒಳಗೆ. ಅಷ್ಟೂ ಕಣ್ಣಿಗೆ ಕಾಣುತ್ತೆ! ಈಗಿನ ಯಂತ್ರಗಳಲ್ಲಿ ಎಲ್ಲ ಮುಚ್ಚಿಟ್ಟಿರುತ್ತಾರೆ.

ಹೂಸ್ಟನ್‌ನಲ್ಲಿ ಮಗಳ ಮನೆಗೆ ಹೋದಾಗ 1873ರ ಮಾದರಿಯೊಂದನ್ನು ಪಕ್ಕದ ತಗಡು ಬಿಚ್ಚಿ ತೋರಿಸಿದರು. ಒಳಗೆ ಎರಡು ಜೋಡಿ ಕೊಂಡಿ. ನಮ್ಮ ಮಂಡಿ ಇದೆಯಲ್ಲ, ಅದೇ. ಕಾಲು ನೆಟ್ಟಗೆ ನಿಂತಾಗ ಎಷ್ಟು ಭಾರ ಹಾಕಿದರೂ ಮಡಚಲ್ಲ, ಹಿಂದಿನಿಂದ ಸ್ವಲ್ಪ ತಟ್ಟಿದರೆ ಮಡಚುತ್ತೆ. ಗುಂಡು ಹೊಡೆದಾಗ ಕೊಂಡಿ ನೆಟ್ಟಗೆ, ಲಿವರ್ ಎಳೆದಾಗ ಮಂಡಿ ಮಡಚುತ್ತೆ. ತೋಟಾ ಎತ್ತುವುದು ಹಿತ್ತಾಳೆಯ ಒಂದು ಚೌಕ ತುಂಡು, ಲಿಫ್ಟ್ ಥರ ಸೀದಾ ಮೇಲೆ ಬರುತ್ತೆ. ಮೇಲೆ ಧೂಳು ಬೀಳದಿರಲಿ ಅಂತ ಜಾರುವ ಮುಚ್ಚಳ. ನಾನು ಹತ್ತು ಸಲ ಆಡಿಸಿದೆ, ಅಳಿಯ "ಮಾವ ಸಾಕು" ಅಂದ.

ದಿನೇಶ್ ಅವರ 1894ರದ್ದು ಬೇರೆ ಜಾತಿ. ಲಿವರ್ ಎಳೆದರೆ ಕೆಳಗಿನ ತಟ್ಟೆಯೇ ಬಾಗಿಲು ತೆರೆದ ಹಾಗೆ ಇಳಿಯುತ್ತೆ. ಹಿಂದೆ ಒಂದು ಉಕ್ಕಿನ ಬೆಣೆ ಎದ್ದು ಬೋಲ್ಟಿಗೆ ಬೀಗ ಹಾಕುತ್ತೆ. ಮಂಡಿಗಿಂತ ಗಟ್ಟಿ. ಹೊಸ ಹೊಗೆರಹಿತ ಮದ್ದಿನ ಒತ್ತಡ ತಡೆಯಬೇಕಿತ್ತಲ್ಲ.

ಮಾವಳ್ಳಿ ಮಂಜು

ಏನೇ ಹೇಳಿ, ಆ ವಿಂಚೆಸ್ಟರ್ ಮಹಾಶಯ ಬುದ್ಧಿವಂತ. ಇಷ್ಟೆಲ್ಲ ಒಬ್ಬನೇ ಕಂಡುಹಿಡಿದ!

ಟೆಕ್ಸಾಸ್ ತಿಮ್ಮಣ್ಣ

ಒಂದೂ ಅವನು ಕಂಡುಹಿಡಿದದ್ದಲ್ಲ ಮಂಜು. ಆಲಿವರ್ ವಿಂಚೆಸ್ಟರ್ ನ್ಯೂ ಹೇವನ್‌ನಲ್ಲಿ ಅಂಗಿ ಕಾರ್ಖಾನೆ ಇಟ್ಟಿದ್ದವನು. ದುಡ್ಡು ಹಾಕಿದ, ಸರಿಯಾದ ಜನರನ್ನು ಇಟ್ಟುಕೊಂಡ. 1860ರ ಹೆನ್ರಿ ರೈಫಲ್ ಬೆಂಜಮಿನ್ ಟೈಲರ್ ಹೆನ್ರಿಯದು. 16 ಗುಂಡು ಹಿಡಿಯುತ್ತಿತ್ತು. ಮದ್ದು ತುಂಬಿ, ಗಜ ಹಾಕಿ ಕುಟ್ಟಿ ಒಂದು ಗುಂಡು ಹೊಡೆಯುತ್ತಿದ್ದ ಕಾಲದಲ್ಲಿ ಅದು ಮಾಯೆ. ಆದರೆ ನಳಿಕೆ ಕೆಳಗೆ ಮರ ಇಲ್ಲ, ಕೈ ಸುಡುತ್ತಿತ್ತು. ತೋಟಾ ತುಂಬುವುದು ಮುಂದುಗಡೆಯಿಂದ. ತೋಟಾ ಕೂರುವ ಕೊಳವೆಯ ಉದ್ದಕ್ಕೂ ಸೀಳು ಬೇರೆ, ಕೆಸರು ಒಳಗೆ ಹೋಗುತ್ತಿತ್ತು. 1866ರ ಮಾದರಿಯಲ್ಲಿ ನೆಲ್ಸನ್ ಕಿಂಗ್ ಅನ್ನುವವನು ತೋಟಾ ತುಂಬಲು ಬಲಗಡೆ ಒಂದು ಪುಟ್ಟ ಸ್ಪ್ರಿಂಗ್ ಬಾಗಿಲು ಇಟ್ಟ, ಮುಂದೆ ಮರ ಬಂತು. ಹಳದಿ ಲೋಹದ ಮೈ ಇದ್ದುದರಿಂದ ಅದಕ್ಕೆ ‘ಹಳದಿ ಹುಡುಗ’ ಅಂತ ಅಡ್ಡಹೆಸರು. 1886, 1892, 1894, 1895 ನಾಲ್ಕೂ ಜಾನ್ ಮೋಸೆಸ್ ಬ್ರೌನಿಂಗ್ ತಲೆಯಿಂದ ಬಂದದ್ದು. 1894ರ ಮಾದರಿ ಒಂದೇ 70 ಲಕ್ಷಕ್ಕೂ ಜಾಸ್ತಿ ತಯಾರಾಯಿತು.

ಮಾವಳ್ಳಿ ಮಂಜು

ಅಂಗಿ ಹೊಲಿಸೋನು! 😂

ಸ್ಯಾನ್ ಹೊಸೆ ಸುಮಾ

ಅವರ ಸೊಸೆ ಸಾರಾ ವಿಂಚೆಸ್ಟರ್ ಕಟ್ಟಿಸಿದ ಮನೆ ನಮ್ಮೂರಲ್ಲೇ ಇದೆ. ಊರಿಂದ ಯಾರ ಅಪ್ಪ ಅಮ್ಮ ಬಂದರೂ ಒಂದು ದಿನ ಅಲ್ಲಿಗೆ ಟ್ರಿಪ್ಪು. ಗೋಡೆಗೆ ತೆರೆಯುವ ಬಾಗಿಲು, ಚಾವಣಿಗೆ ಮುಟ್ಟುವ ಮೆಟ್ಟಿಲು. ಗಂಡನ ಕಂಪನಿ ಬಂದೂಕಿನಿಂದ ಸತ್ತವರ ದೆವ್ವಕ್ಕೆ ಹೆದರಿ 1922ರಲ್ಲಿ ಸಾಯುವ ತನಕ ಕಟ್ಟಿಸುತ್ತಲೇ ಇದ್ದರು ಅಂತ ಗೈಡ್ ಹೇಳ್ತಾರೆ.

ಗುಬ್ಬಿ ಗಿರಿಜಾ

ದೆವ್ವದ ಕಥೆ ಟಿಕೆಟ್ ಮಾರೋಕೆ ಸುಮಾ. 1906ರ ಭೂಕಂಪದಲ್ಲಿ ಆ ಮನೆಯ ಮೇಲಿನ ಭಾಗ ಬಿತ್ತು. ಬಿದ್ದದ್ದನ್ನು ಮತ್ತೆ ಕಟ್ಟದೆ ಮುಚ್ಚಿಸಿದ್ದಕ್ಕೆ ಎಷ್ಟೋ ಬಾಗಿಲು, ಮೆಟ್ಟಿಲು ಹಾಗೆ ಎಲ್ಲಿಗೂ ಹೋಗದೆ ನಿಂತಿವೆ.

ಅದಿರಲಿ. ನಾನು ಶಾಲೆಯಲ್ಲಿ ಇತಿಹಾಸ ಹೇಳಿಕೊಡುವವಳು, ಒಂದು ಮಾತು ಕೇಳಲೇಬೇಕು. ಕೊಲ್ಲುವ ಸಾಮಾನಿಗೆ ಇಷ್ಟು ಮುದ್ದು ಯಾಕೆ? ಅಡಿ ಬೆಳ್ಳಿಯಂತೆ, ಬಳೆಯ ಗೀರಂತೆ! ಅಲ್ಲಿಯ ಮೂಲ ಜನರ ನೆಲ ಕಿತ್ತುಕೊಂಡದ್ದು ಇಂಥ ಬಂದೂಕುಗಳಿಂದಲೇ ಅಲ್ವಾ?

ಮೊಂಟಾನಾ ಮುರಳಿ

ಮೇಡಂ, ನಿಮ್ಮ ಕೋಪ ಸರಿ. ಬಂದೂಕು ಮಾತ್ರ ಬೇರೆ. ಅಮೆರಿಕದ ಸೈನ್ಯದ ಕೈಯಲ್ಲಿ ಆಗ ಇದ್ದದ್ದು ಒಂದೊಂದೇ ಗುಂಡು ಹಾಕುವ ಸ್ಪ್ರಿಂಗ್‌ಫೀಲ್ಡ್. ನಮ್ಮ ಮನೆಯಿಂದ ಒಂದು ಗಂಟೆ ದಾರಿಯಲ್ಲಿ ಲಿಟಲ್ ಬಿಗ್‌ಹಾರ್ನ್ ಬಯಲಿದೆ. 1876ರ ಜೂನ್‌ನಲ್ಲಿ ಲಕೋಟಾ, ಶಯೆನ್ ಅನ್ನುವ ಮೂಲ ಜನ ಅಮೆರಿಕದ ಸೇನಾಧಿಕಾರಿ ಕಸ್ಟರ್‌ನ ತುಕಡಿಯನ್ನು ಅಲ್ಲಿ ಮುಗಿಸಿದರು. 1983ರಲ್ಲಿ ಹುಲ್ಲಿಗೆ ಬೆಂಕಿ ಬಿದ್ದು ನೆಲ ಬೋಳಾಯಿತು. ಮರುವರ್ಷ ಪುರಾತತ್ವದವರು ಲೋಹ ಶೋಧಕ ಹಿಡಿದು ಸಾಲಾಗಿ ನಡೆದರು. ಸಿಕ್ಕಿದ ಖಾಲಿ ತೋಟಾಗಳಲ್ಲಿ ಹೆನ್ರಿ, ವಿಂಚೆಸ್ಟರ್‌ನವು ಬೇಕಾದಷ್ಟು. ಅವು ಸೈನಿಕರವಲ್ಲ, ಎದುರಿಗಿದ್ದವರವು. ಲಿವರ್ ರೈಫಲ್ ಇದ್ದದ್ದು ಮೂಲ ಜನರ ಕೈಯಲ್ಲಿ.

ಕಸ್ಟರ್ ಸತ್ತ ಮರುವರ್ಷ, 1877ರಲ್ಲಿ, ಇನ್ನೊಂದು ಕಡೆ ಇದೇ ಕಥೆ. ಬಲ್ಗೇರಿಯಾದ ಪ್ಲೆವ್ನಾದಲ್ಲಿ ತುರ್ಕರು ದೂರದಿಂದ ಬಂದವರಿಗೆ ಪೀಬಾಡಿ-ಮಾರ್ಟಿನಿ ರೈಫಲ್, ಹತ್ತಿರ ಬಂದವರಿಗೆ 1866ರ ವಿಂಚೆಸ್ಟರ್ ಇಟ್ಟುಕೊಂಡು ರಷ್ಯನ್ನರನ್ನು ತಿಂಗಳುಗಟ್ಟಲೆ ತಡೆದರು. ತಮಾಷೆ ಅಂದರೆ, ಮೊದಲ ಮಹಾಯುದ್ಧದಲ್ಲಿ ಅದೇ ರಷ್ಯನ್ನರು 1895ರ ಮಾದರಿಯನ್ನು ಮೂರು ಲಕ್ಷದ ಹತ್ತಿರ ಕೊಂಡರು.

ಗುಬ್ಬಿ ಗಿರಿಜಾ

ಇದು ನನಗೆ ಗೊತ್ತಿರಲಿಲ್ಲ. ಆ ತೋಟಾ ವಿಷಯ ಮಕ್ಕಳಿಗೆ ಹೇಳುತ್ತೇನೆ. ಆದರೂ ಮುದ್ದು ಮಾಡುವುದಕ್ಕೆ ನನ್ನ ತಕರಾರು ಇದ್ದೇ ಇದೆ.

ಡೆನ್ವರ್ ದಿನೇಶ

ಇರಲಿ ಮೇಡಂ, ತಕರಾರು ಇರಬೇಕು. ನಮ್ಮ ಮನೆಯಲ್ಲೂ ಇದೆ. ಹೆಂಡತಿ ಹೇಳಿದ್ದು: "ಅಜ್ಜ ಇದರಲ್ಲಿ ಹೊಡೆದದ್ದಕ್ಕಿಂತ ಇದನ್ನು ಹೊತ್ತದ್ದೇ ಜಾಸ್ತಿ." ಅಡಿಭಾಗದ ಸವೆತ ನೋಡಿದರೆ ನಿಜ ಅನ್ನಿಸುತ್ತೆ. ಹೊಡೆದು ಸವೆದದ್ದಲ್ಲ ಅದು, ಹೊತ್ತು ಸವೆದದ್ದು.

ಹಳೇ ಹುಣಸೂರು

ಅಯ್ಯೋ, ಇಷ್ಟೆಲ್ಲ ಅಮೆರಿಕ ಸುತ್ತಿದಿರಿ, ನಮ್ಮ ಬೆಂಗಳೂರಿನ ವಿಂಚೆಸ್ಟರ್ ಮರೆತಿರಲ್ಲ! ಬೇಟೆಗಾರ, ಲೇಖಕ ಕೆನೆತ್ ಆಂಡರ್ಸನ್ ಕೈಯಲ್ಲಿ ಇದ್ದದ್ದು 405 ವಿಂಚೆಸ್ಟರ್, 1895ರ ಮಾದರಿ, ಲಿವರ್‌ನದೇ. ತೇಜಸ್ವಿಯವರು ಕನ್ನಡಕ್ಕೆ ತಂದ ನರಭಕ್ಷಕ ಹುಲಿಗಳ ಕಥೆ ಓದಿ ನಾವೆಲ್ಲ ರಾತ್ರಿ ಹಿತ್ತಲಿಗೆ ಹೋಗಲು ಹೆದರಿದ್ದೆವು. ಮಚಾನಿನ ಮೇಲೆ ಕೂತು ಅವನು ಹಿಡಿದದ್ದು ಲಿವರ್ ರೈಫಲ್ ಅಂತ ಆಗ ಹೊಳೆದೇ ಇರಲಿಲ್ಲ. ನಾನು ಮನಸ್ಸಲ್ಲಿ ಜೋಡು ನಳಿಕೆಯನ್ನೇ ಇಟ್ಟುಕೊಂಡಿದ್ದೆ.

ಟೆಕ್ಸಾಸ್ ತಿಮ್ಮಣ್ಣ

ಭೇಷ್! 1895ರದ್ದು ಉಳಿದವುಗಳ ಹಾಗಲ್ಲ. ಬೇರೆ ಮಾದರಿಗಳಲ್ಲಿ ತೋಟಾಗಳು ನಳಿಕೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೆ ಒಂದು ಮಲಗುತ್ತವೆ. ಚೂಪು ಮೂತಿ ಗುಂಡು ಹಾಕಿದರೆ ಅದು ಮುಂದಿನ ತೋಟಾದ ಹಿಂಭಾಗಕ್ಕೆ, ಸಿಡಿಯುವ ಜಾಗಕ್ಕೇ, ತಾಗುತ್ತೆ. ಅದಕ್ಕೇ 30-30ಗೆ ಚಪ್ಪಟೆ ಮೂತಿ. 1895ರದ್ದಕ್ಕೆ ಹೊಟ್ಟೆಯ ಕೆಳಗೆ ಪೆಟ್ಟಿಗೆ ಇದೆ, ಒಂದರ ಮೇಲೊಂದು ಕೂರುತ್ತವೆ. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಹೊತ್ತದ್ದೂ 405 ವಿಂಚೆಸ್ಟರ್. ಆಂಡರ್ಸನ್ ಬರೆದದ್ದರಿಂದಲೇ ನಮ್ಮ ಕಡೆಯವರಿಗೆ ಆ ಸಂಖ್ಯೆ ಬಾಯಿಪಾಠ.

ಮೂಡಿಗೆರೆ ಮಾಚ

ಸಿನಿಮಾದಲ್ಲಿ ತೋರಿಸೋದು ಯಾವುದು? ಆ ಕೌಬಾಯ್‌ಗಳು ಒಂದೇ ಕೈಯಲ್ಲಿ ಗಿರ್ರ್ ಅಂತ ತಿರುಗಿಸ್ತಾರಲ್ಲ.

ಟೆಕ್ಸಾಸ್ ತಿಮ್ಮಣ್ಣ

ಹೆಚ್ಚಾಗಿ 1892. ಕಥೆ 1870ರ ಕಾಲದ್ದು, ಕೈಯಲ್ಲಿ 1892ರ ಬಂದೂಕು! ಯಾರಿಗೂ ಏನೂ ಅನ್ನಿಸಲ್ಲ. ತಿರುಗಿಸೋಕೆ ಲಿವರ್ ಬಳೆಯನ್ನು ದೊಡ್ಡದು ಮಾಡಿಸಿರುತ್ತಾರೆ. ದಿನೇಶ್, ನೀವು ಮಾಡೋಕೆ ಹೋಗಬೇಡಿ, ಮೂಗು ಹೋಗುತ್ತೆ.

ಮೂಡಿಗೆರೆ ಮಾಚ

ನಮ್ಮಲ್ಲಿ ಹ್ಯಾಮರಿಗೆ ಕುದುರೆ ಅಂತಾರೆ. ಅಂದರೆ ಕೌಬಾಯ್ ಕುದುರೆ ಮೇಲೆ ಕೂತು ಕುದುರೆ ಎಳೀತಾನೆ. 😄

ಸರಿ, ತುಕ್ಕಿನ ವಿಷಯ. ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಕೋವಿಗೆ ಕೊಬ್ಬರಿ ಎಣ್ಣೆ ಹಚ್ಚಿ ಅಟ್ಟದಲ್ಲಿ ಇಡ್ತಾರೆ. ಐವತ್ತು ವರ್ಷದಿಂದ ಏನೂ ಆಗಿಲ್ಲ. ದಿನೇಶ್ ಸಾರ್ ಅದನ್ನೇ ಮಾಡಲಿ.

ಸ್ಪ್ಯಾನರ್ ಶೆಟ್ರು

ಅಯ್ಯಯ್ಯೋ! ಡೆನ್ವರ್ ಚಳಿಗೆ ಕೊಬ್ಬರಿ ಎಣ್ಣೆ ಬೆಣ್ಣೆ ಥರ ಗಟ್ಟಿ ಆಗುತ್ತೆ ಮಾರಾಯರೇ. ಲಿವರ್ ಎಳೆದರೆ ಒಳಗೆಲ್ಲ ಗೊಜ್ಜು. ಕೆಲವು ತಿಂಗಳಾದರೆ ಕಮಟು ವಾಸನೆ. ಹೊಲಿಗೆ ಮೆಷಿನ್ ಎಣ್ಣೆ ಸಾಕು, ಅದೂ ಬಟ್ಟೆಗೆ ಎರಡು ಹನಿ. ಎಣ್ಣೆ ಜಾಸ್ತಿಯಾದರೆ ಹರಿದು ಮರದೊಳಗೆ ಇಳಿಯುತ್ತೆ. ಮರ ಕಪ್ಪಾಗಿ ಮೆತ್ತಗಾಗುತ್ತೆ.

ಮೂಡಿಗೆರೆ ಮಾಚ

ನಮ್ಮ ಅಜ್ಜನಿಗೆ ಡೆನ್ವರ್ ಗೊತ್ತಿರಲಿಲ್ಲ ಸ್ವಾಮಿ.

ಉಪ್ಪಿನಂಗಡಿ ಭಟ್ರು

ತುಕ್ಕು ಅಂದಾಗ ನನ್ನ ಸಂಕಟ ನೆನಪಾಯಿತು. ಅಡಿಕೆ ತೋಟಕ್ಕೆ ಮಂಗ, ಹಂದಿ ಕಾಟ, ಅದಕ್ಕೆ ಲೈಸೆನ್ಸಿನ ಕೋವಿ ಇಟ್ಟುಕೊಂಡವ ನಾನು. ಹೊಡೆಯುವುದು ಅಂತ ಇಲ್ಲ, ಶಬ್ದ ಮಾಡುವುದು ಅಷ್ಟೇ. ಚುನಾವಣೆ ಬಂತೆಂದರೆ ಠಾಣೆಗೆ ಒಪ್ಪಿಸಬೇಕು. ಒಂದು ಸಲ ಒಪ್ಪಿಸಿ ಬಂದೆ. ವಾಪಸ್ ಕೊಟ್ಟಾಗ ನಳಿಕೆ ಒಳಗೆ ನೋಡಿದರೆ ಕೆಂಪು ಕೆಂಪು. ಗೋಡೆ ಬದಿಯ ತೇವಕ್ಕೆ ರಾಶಿ ಹಾಕಿ ಇಟ್ಟಿದ್ದರು. ನನ್ನ ಅಪ್ಪ 40 ವರ್ಷ ಒಂದು ಚುಕ್ಕಿ ತುಕ್ಕು ಬರದ ಹಾಗೆ ನೋಡಿಕೊಂಡದ್ದು ಎರಡು ತಿಂಗಳಲ್ಲಿ ಹೋಯಿತು. ಈಗ ಒಪ್ಪಿಸುವ ಮುಂಚೆ ನಾನೇ ಗ್ರೀಸ್ ಮೆತ್ತಿ, ಬಟ್ಟೆ ಸುತ್ತಿ, ಮೇಲೆ ಹೆಸರು ಬರೆದು ಕೊಡುವುದು. "ಹೆಣ ಕಟ್ಟಿದ ಹಾಗೆ ಉಂಟಲ್ಲ ಭಟ್ರೇ" ಅಂತ ಅಲ್ಲಿದ್ದವರು ನಗಾಡುತ್ತಾರೆ.

ಕಾಫಿತೋಟ

ಭಟ್ರೇ, ಈ ಕಷ್ಟ ಎಲ್ಲರಿಗೂ ಇದೆ. ಕೊಡಗಿನಲ್ಲಿ ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿ ಹಿಡುವಳಿಯವರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ, 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಕೊಟ್ಟರು. ಆದರೆ ತುಕ್ಕಿಗೆ ವಿನಾಯಿತಿ ಇಲ್ಲ!

ಚಿಕ್ಕಮಗಳೂರು ಚಂದ್ರು

ದಿನೇಶಣ್ಣ, ಅದನ್ನ ಊರಿಗೆ ತಂದುಬಿಡಿ, ಗೋಡೆಗೆ ಹಾಕೋಣ. ಹಳೇದು ತಾನೆ?

ಉಪ್ಪಿನಂಗಡಿ ಭಟ್ರು

ಹಳೆಯದಾದರೆ ಏನು, ಗುಂಡು ಹಾರುತ್ತದಲ್ಲ. ನಮ್ಮ 1959ರ ಕಾನೂನಿನಲ್ಲಿ ಬಿಡುವುದು ರಿಪೇರಿ ಮಾಡಿದರೂ ಬಂದೂಕಾಗಿ ಬಳಸಲು ಬಾರದ ಹಳೇ ಸಾಮಾನನ್ನು ಮಾತ್ರ. ಲೈಸೆನ್ಸ್ ಇಲ್ಲದೆ ವಿಮಾನ ನಿಲ್ದಾಣದಲ್ಲಿ ಇಳಿಸಿದರೆ ದಿನೇಶರನ್ನು ನೋಡಲು ನಾವು ಜೈಲಿಗೆ ಹೋಗಬೇಕಾದೀತು.

ಮೊಂಟಾನಾ ಮುರಳಿ

ಪಾಲಿಶ್ ವಿಷಯಕ್ಕೆ ವಾಪಸ್ ಬರೋಣ. 2014ರಲ್ಲಿ ನೆವಾಡಾದ ಗ್ರೇಟ್ ಬೇಸಿನ್ ರಾಷ್ಟ್ರೀಯ ಉದ್ಯಾನದಲ್ಲಿ ಕೆಲಸ ಮಾಡುತ್ತಿದ್ದವರಿಗೆ ಜುನಿಪರ್ ಮರಕ್ಕೆ ಒರಗಿಸಿಟ್ಟ 1873ರ ವಿಂಚೆಸ್ಟರ್ ಸಿಕ್ಕಿತು. ಯಾರೋ ಒರಗಿಸಿ ಹೋದವರು ವಾಪಸ್ ಬಂದೇ ಇಲ್ಲ. ಮರ ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗಿ ಸೀಳು ಬಿಟ್ಟಿತ್ತು. ಹಿಂಬದಿ ಮಣ್ಣಿನಲ್ಲಿ ಹೂತಿತ್ತು. ಮರದ ಕಾಂಡಕ್ಕೂ ಅದಕ್ಕೂ ಬಣ್ಣದಲ್ಲಿ ವ್ಯತ್ಯಾಸವೇ ಇಲ್ಲ. ಕ್ರಮಾಂಕ ನೋಡಿದರೆ 1882ರಲ್ಲಿ ತಯಾರಾದದ್ದು.

ಕೋಡಿ ಮ್ಯೂಸಿಯಂನವರು ಏನು ಮಾಡಿದರು ಗೊತ್ತಾ? ಎಕ್ಸ್-ರೇ ತೆಗೆಸಿದರು. ಹಿಂದಿನ ಮರದೊಳಗಿನ ಪೊಟರೆಯಲ್ಲಿ ಒಂದು ತೋಟಾ ಸಿಕ್ಕಿತು. ಉದುರುತ್ತಿದ್ದ ಮರದ ಚಕ್ಕೆಗಳನ್ನು ಅಂಟಿಸಿದರು. ಅಷ್ಟೇ. ತುಕ್ಕು ಉಜ್ಜಲಿಲ್ಲ, ಸೀಳು ಮುಚ್ಚಲಿಲ್ಲ. ಅದನ್ನು ಹೊಳೆಯುವ ಹಾಗೆ ಮಾಡಿದ್ದರೆ ಅದೂ ಲಕ್ಷಾಂತರ 1873ಗಳಲ್ಲಿ ಒಂದಾಗುತ್ತಿತ್ತು. ಈಗ ಜನ ಅದನ್ನೇ ಹುಡುಕಿಕೊಂಡು ಬರುತ್ತಾರೆ.

ಬಸವರಾಜ ಜಯನಗರ

ಹಾಗಾದ್ರೆ ತುಕ್ಕು ಹಿಡಿದದ್ದೇ ಚೆನ್ನ ಅಂತಾನಾ? ಈಗ ತಾನೆ ಭಟ್ರು ತುಕ್ಕಿಗೆ ಅತ್ತರು!

ಟೆಕ್ಸಾಸ್ ತಿಮ್ಮಣ್ಣ

ಎರಡು ಥರ ಇದೆ. ಕಂದು ಬಣ್ಣ ತಿರುಗಿ ಗಟ್ಟಿಯಾಗಿ ಕೂತದ್ದು ಹಳೇದು, ಅದು ಹಾಗೇ ಇರಲಿ. ಬೆರಳಿಗೆ ಕೆಂಪು ಪುಡಿ ಅಂಟಿದರೆ ಅದು ಜೀವಂತ ತುಕ್ಕು, ದಿನಾ ತಿನ್ನುತ್ತಿರುತ್ತೆ. ಅದನ್ನು ಮಾತ್ರ ತೆಗೀಬೇಕು. ಎಣ್ಣೆ ಹಾಕಿ ಒಂದು ದಿನ ಬಿಟ್ಟು, ಹಳೇ ತಾಮ್ರದ ನಾಣ್ಯದ ಅಂಚಿನಿಂದ ಮೆಲ್ಲಗೆ ಕೆರೆಯಿರಿ. ತಾಮ್ರ ಉಕ್ಕಿಗಿಂತ ಮೆತ್ತಗೆ, ಗೀರು ಬೀಳಲ್ಲ. ಅಮೆರಿಕದ ಒಂದು ಸೆಂಟಿನ ನಾಣ್ಯ 1982ಕ್ಕಿಂತ ಹಿಂದಿನದು ಹುಡುಕಿ, ಆಮೇಲಿನದು ಒಳಗೆ ಸತು. ಮರಕ್ಕೆ ಅಗಸೆ ಎಣ್ಣೆ ಅಂಗೈಯಲ್ಲಿ ಒಂದೇ ಒಂದು ಹನಿ. ವಾರ್ನಿಶ್ ಅಂತ ಮತ್ತೊಮ್ಮೆ ಅಂದರೆ ನಾನೇ ಡೆನ್ವರ್‌ಗೆ ಬರ್ತೇನೆ.

ಮತ್ತೆ, ಗೋಡೆ ಮೇಲೆ ಬೇಡ. ಮನೆಯಲ್ಲಿ ಮಕ್ಕಳಿದ್ದರೆ ಬೀಗದ ಕಪಾಟು. ಹಳೇ 1894ರಲ್ಲಿ ಬೇರೆ ಸೇಫ್ಟಿ ಇಲ್ಲ. ಹ್ಯಾಮರ್ ಅರ್ಧ ಎತ್ತಿ ನಿಲ್ಲಿಸುವ ಒಂದು ಕಚ್ಚು, ಅಷ್ಟೇ. ಅದೂ ಸವೆದಿರಬಹುದು.

ಗುಬ್ಬಿ ಗಿರಿಜಾ

ಈ ಮಾತಿಗೆ ನನ್ನ ಪೂರ್ತಿ ಸಹಿ.

ಕಾಫಿತೋಟ

ತಿಮ್ಮಣ್ಣ, ನೀವು ಹೇಳಿದ ಮೇಲೆ ನಮ್ಮ ಮನೆಯ ಕೋವಿ ತೆಗೆದು ನೋಡಿದೆ. ಬೀಟೆ ಮರ ಕೂರಿಸುವಾಗ ಕಬ್ಬಿಣವನ್ನೂ ತಿಕ್ಕಿಬಿಟ್ಟಿದ್ದಾರೆ. ಸ್ಕ್ರೂ ತೂತೆಲ್ಲ ತಟ್ಟೆ ಥರವೇ ಇದೆ! ಮಾಡಿದವರ ಹೆಸರಿನಲ್ಲಿ ಅರ್ಧ ಅಕ್ಷರವೇ ಇಲ್ಲ. ಇಷ್ಟು ವರ್ಷ ನೋಡಿಯೂ ನೋಡಿರಲಿಲ್ಲ. ಆದರೆ ಆ ಬೀಟೆ ಮರವನ್ನು ಮಾತ್ರ ಬಿಟ್ಟುಕೊಡಲ್ಲ. ಅದು ಅಜ್ಜನೇ ತೋಟದಿಂದ ಆರಿಸಿ ತಂದದ್ದು.

ಟೆಕ್ಸಾಸ್ ತಿಮ್ಮಣ್ಣ

ಬಿಟ್ಟುಕೊಡಿ ಅಂತ ಯಾರು ಹೇಳಿದ್ರು? ಅಜ್ಜ ಹಾಕಿಸಿದ ಮರವೂ ಈಗ ಅದರ ಕಥೆಯೇ. ಇನ್ನು ನೀವು ಏನೂ ಸೇರಿಸದಿದ್ದರೆ ಸಾಕು.

ಡೆನ್ವರ್ ದಿನೇಶ

ಆರು ವಾರ ಆಯಿತು, ಸುದ್ದಿ ಹೇಳಬೇಕಲ್ಲ.

ಹೊಸ ಬಣ್ಣ ಹಾಕಿಸಲಿಲ್ಲ. ಬಳೆಯ ಬುಡದಲ್ಲಿ ಮಾತ್ರ ಕೆಂಪು ಪುಡಿ ಇತ್ತು, 1974ರ ಸೆಂಟ್ ನಾಣ್ಯ ಹಿಡಿದು ಎರಡು ಸಂಜೆ ಕೂತು ತೆಗೆದೆ. ಅಗಸೆ ಎಣ್ಣೆ ಒಂದು ಹನಿ ಹಾಕಿ ಉಜ್ಜಿದಾಗ ಹಿಂಬದಿಯ ಮರದಲ್ಲಿ ಅಷ್ಟು ದಿನ ಕೊಳೆ ಅಂದುಕೊಂಡಿದ್ದದ್ದು ಮರದ ಎಳೆ ಅಂತ ಗೊತ್ತಾಯಿತು. ಎಡಗಡೆ ಕೆನ್ನೆ ತಾಗುವ ಜಾಗ ಮಾತ್ರ ನುಣ್ಣಗೆ.

ಕೋಡಿಯಿಂದ ಪತ್ರವೂ ಬಂತು. ಕಾರ್ಬೈನ್, 30 ಕ್ಯಾಲಿಬರ್, ಗೋದಾಮಿಗೆ ಬಂದ ದಿನ, ಹೊರಟ ದಿನ, ಆರ್ಡರ್ ಸಂಖ್ಯೆ. ಒಟ್ಟು ಹತ್ತು ಒಂದೇ ಆರ್ಡರಿನಲ್ಲಿ ಹೊರಟಿದ್ದವು. ಕೊಂಡವರ ಹೆಸರಿಲ್ಲ. ಹೆಂಡತಿಗೆ ಸ್ವಲ್ಪ ಬೇಜಾರಾಯಿತು, ಮುತ್ತಜ್ಜನ ಹೆಸರು ಇರುತ್ತೆ ಅಂದುಕೊಂಡಿದ್ದಳು. ಅತ್ತೆಗೆ ಫೋನ್ ಮಾಡಿ ಓದಿ ಹೇಳಿದೆವು. ಅವರು ಕೇಳಿದ್ದು ಒಂದೇ: "ಆ ಬಳೆ ಈಗಲೂ ಗಲ್ ಅನ್ನುತ್ತಾ?" ಅಜ್ಜ ಬೆಳಗಿನ ಜಾವ ಹೊರಡುವಾಗ ಮನೆಮಂದಿಗೆ ಎಚ್ಚರ ಆಗಬಾರದು ಅಂತ ಅದಕ್ಕೆ ಚರ್ಮದ ದಾರ ಸುತ್ತುತ್ತಿದ್ದರಂತೆ. ಫೋನನ್ನು ಹತ್ತಿರ ಹಿಡಿದು ಅಲ್ಲಾಡಿಸಿದೆ. ಗಲ್ ಅಂತು.

ಈಗ ಬೀಗದ ಕಪಾಟಿನಲ್ಲಿದೆ. ಬಾಗಿಲ ಮೇಲಿದ್ದ ಎರಡು ಮೊಳೆಯನ್ನೂ ಕಿತ್ತು ತಂದಿದ್ದೇನೆ, ಏನು ಮಾಡಬೇಕೋ ಗೊತ್ತಿಲ್ಲ.

ಸ್ಪ್ಯಾನರ್ ಶೆಟ್ರು

ಮೊಳೆಗೂ ಎರಡು ಹನಿ ಎಣ್ಣೆ ಹಾಕಿಡಿ. ಹೊಲಿಗೆ ಮೆಷಿನ್‌ದು.

ಮೂಡಿಗೆರೆ ಮಾಚ

ಕೊಬ್ಬರಿ ಎಣ್ಣೆ!